ಮೊದಲ ಸುತ್ತು

ಸಾಂತಾಕ್ರೂಜ್

ಗ್ಯಾರೇಜಿನ ಶಾಂತಪ್ಪಣ್ಣನವರಿಗೆ ಇಂದ್ರಾಬಾಯಿಯ ನಮಸ್ಕಾರ.

ಈ ಪತ್ರವನ್ನು ಮಗ ಅಮೋಲನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನಿಗೆ ಕನ್ನಡ ಓದಲು ಬಾರದು, ಆದ್ದರಿಂದ ಧೈರ್ಯವಾಗಿ ಬರೆಯುತ್ತಿದ್ದೇನೆ.

ನಮ್ಮವರು ತೀರಿಕೊಂಡ ಮೇಲೆ ಕಾರಿನ ಬ್ರೇಕ್ ಯಾರೂ ನೋಡಿಲ್ಲ. ಈ ಸಲ ದಸರೆಯ ಖಂಡೇ ಪೂಜೆಗೆ ಅಮೋಲ ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಒಡೆಸಿದ. ಬ್ರೇಕ್ ಹಿಡಿದರೆ ಕಿರ್ರೆನ್ನುತ್ತದಲ್ಲ ಎಂದರೆ, "ಪೂಜಾ ಆತಲ್ಲ ಅವ್ವಾ, ಗಾಡಿ ಏಕದಮ್ ಠೀಕ್ ಐತಿ" ಎನ್ನುತ್ತಾನೆ. ಅವರಿದ್ದಾಗ ಪ್ರತಿವರ್ಷ, "ಮೊದಲ ಶಾಂತಪ್ಪ ಬರ್ಲಿ, ಆಮ್ಯಾಲ ನಿಂಬಿಹಣ್ಣು" ಎನ್ನುತ್ತಿದ್ದರು.

ನಿಮಗೆ ನೆನಪಿರಬೇಕು. ನೀವು ಬ್ರೇಕ್ ಪ್ಯಾಡ್ ಬದಲಿಸಿ, ಆಯಿಲ್ ಹಾಕಿದ ಮೇಲೆ ಬಿಲ್ಡಿಂಗಿನ ಮೊದಲ ಸುತ್ತು ಅವರೊಬ್ಬರೇ ಹೋಗುತ್ತಿದ್ದರು. ಎಷ್ಟು ಕೇಳಿದರೂ ನನ್ನನ್ನು ಹತ್ತಿಸಿಕೊಳ್ಳುತ್ತಿರಲಿಲ್ಲ. ನಾನು ಗೇಟಿನಲ್ಲಿ ನಿಂತಿರುತ್ತಿದ್ದೆ. ತಿರುಗಿ ಬಂದು ನನ್ನ ಮುಂದೆಯೇ ಗಾಡಿ ನಿಲ್ಲಿಸಿ ನಗುತ್ತಿದ್ದರು.

ಭಾನುವಾರ ಅಮೋಲ ವಿಜಯಪುರಕ್ಕೆ ಹೊರಟಿದ್ದಾನೆ. ಬರುವಾಗ ಘಾಟ್ ಇಳಿಯಬೇಕು. ಅಷ್ಟರೊಳಗೆ ಬಂದು ನೋಡಿಕೊಡಿ. ಅಲ್ಲಿಯವರೆಗೆ ಕೀಲಿ ನನ್ನ ಹತ್ತಿರವೇ ಇರುತ್ತದೆ.

ಈ ಸಲ ಮೊದಲ ಸುತ್ತಿಗೆ ಅವನ ಪಕ್ಕದಲ್ಲಿ ನಾನೂ ಕೂಡುತ್ತೇನೆ, ಬೇಡವೆನ್ನಬೇಡಿ. ಗೇಟಿನಲ್ಲಿ ನಿಂತು ಕಾಯುವುದು ಇನ್ನು ನನ್ನಿಂದಾಗದು.

ನಿಮ್ಮ ತಂಗಿ,
ಇಂದ್ರಾಬಾಯಿ