ಕೊಡೆಗಲ್ಲಿನ ಹಿಂದೆ

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ 5.40

ಫ್ಲಾಸ್ಕ್, ಟೋಪಿ, ಬೈನಾಕ್ಯುಲರ್ — ಆಯಿತು. ಕೆಳಗೆ ಅಕ್ಕ ಹಾರ್ನ್ ಹೊಡೆಯುತ್ತಿದ್ದಾಳೆ. ನರ್ಸ್ ಡ್ಯೂಟಿ ಮುಗಿಸಿ ಆಸ್ಪತ್ರೆಯಿಂದ ನೇರ ಬಂದಿದ್ದಾಳೆ; ನಾನು ಕಾರು ಓಡಿಸಿದರೆ ದಾರಿಯಲ್ಲಿ ಮಲಗುತ್ತಾಳಂತೆ.

ಇವತ್ತು ಹೊರಟಿರುವುದು ನಮ್ಮ ಹಕ್ಕಿ ಸಂಘದ ಎಂಟು ಜನ. ಮುಂದಾಳು ಮೇಷ್ಟ್ರು. ಹೈಸ್ಕೂಲಿನಲ್ಲಿ ನಮಗೆಲ್ಲ ಭೂಗೋಳ ಕಲಿಸಿದವರು. ನಿವೃತ್ತರಾದ ಮೇಲೆ ಹಕ್ಕಿ, ಬಂಡೆ ಎರಡನ್ನೇ ಹಚ್ಚಿಕೊಂಡಿದ್ದಾರೆ. ನಿನ್ನೆ ಫೋನಿನಲ್ಲಿ ಮತ್ತೆ ಪಾಠ — ಗಾಢ ಬಣ್ಣದ ಬಟ್ಟೆ ಬೇಡ, ಸೆಂಟ್ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ನಾವು ನೋಡಲು ಹೊರಟಿರುವ ಕೊಡೆಗಲ್ಲಿನ ಅಡಿಯಲ್ಲಿ ಹೆಜ್ಜೇನು ಕಟ್ಟಿದೆಯಂತೆ.

ಹೂಂ ಅಂದೆ. ಸ್ಟುಡಿಯೋದ ಗೆಳೆಯನಿಂದ ತಂದ ಪುಟ್ಟ ಡ್ರೋನ್ ಬ್ಯಾಗಿನ ತಳದಲ್ಲಿದೆ, ಟವೆಲ್ ಸುತ್ತಿಕೊಂಡು. ಅಲ್ಲಿ ಗೂಡು ಮಾಡಿರುವ ಗೂಬೆಯ ಮರಿಗಳ ಒಂದೇ ಒಂದು ಫೋಟೋ. ಯಾರಿಗೂ ಗೊತ್ತಾಗದು.

ಅದೇ ದಿನ. 9.15

ಕೊಡೆಗಲ್ಲು ಎದುರಿಗಿದೆ. ಸಪೂರ ಕಂಬದ ಮೇಲೆ ಚಪ್ಪಟೆ ಬಂಡೆ. ಯಾರೋ ತಮಾಷೆಗೆ ಇಟ್ಟು ಮರೆತಂತೆ. ಕೆಳಗಿನ ಕಲ್ಲು ಮೆತ್ತಗಿತ್ತು, ಗಾಳಿ ಅದನ್ನೇ ಮೊದಲು ತಿಂದಿತು ಎಂದರು ಮೇಷ್ಟ್ರು. ನೂರು ಹೆಜ್ಜೆ ದೂರದಲ್ಲೇ ನಮ್ಮನ್ನು ಕೂರಿಸಿದ್ದಾರೆ. ಕಂಬದ ಬಿರುಕಿನಲ್ಲಿ ಕೊಂಬಿನ ಗೂಬೆಯ ಗೂಡು. ಕಾಣುವುದು ಎರಡು ಕಿವಿಕೊಂಬು ಮಾತ್ರ. ಉಳಿದವರಿಗೆ ಅಷ್ಟೇ ಸಾಕಾಗಿದೆ. ನನಗೆ ಸಾಕಾಗಿಲ್ಲ.

ಒಂದಕ್ಕೆ ಹೋಗಿಬರುತ್ತೇನೆ ಎಂದು ಏಳುತ್ತಿದ್ದೇನೆ. ಬ್ಯಾಗ್ ಯಾಕೆ ಎಂದು ಅಕ್ಕ ಕೇಳದಿದ್ದರೆ ಸಾಕು.

ಅದೇ ದಿನ. ಸಂಜೆ 4.20. ಆಸ್ಪತ್ರೆಯ ಕಾರಿಡಾರ್

ಒಳಗೆ ಬಿಡುತ್ತಿಲ್ಲ. ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಕೊಡೆಗಲ್ಲಿನ ಹಿಂದಕ್ಕೆ ಹೋಗಿ ಹಾರಿಸಿದ ಡ್ರೋನ್ ಮೇಲಿದ್ದದ್ದು ನಾಲ್ಕೇ ನಿಮಿಷ. ಫೋನಿನಲ್ಲಿ ಮರಿಗಳು ಕಂಡವು. ಎರಡು. ಬೂದು ಹತ್ತಿಯ ಉಂಡೆಗಳು, ಕಿತ್ತಳೆ ಕಣ್ಣು. ಇನ್ನೂ ಸ್ವಲ್ಪ ಹತ್ತಿರ ಅಂತ ಸರಿಸಿದೆ. ತಾಯಿ ಗೂಬೆ ರೆಕ್ಕೆ ಬಿಚ್ಚಿ ಎದ್ದಿತು. ಗಾಬರಿಯಲ್ಲಿ ಒತ್ತಬಾರದ್ದನ್ನು ಒತ್ತಿದೆ. ಡ್ರೋನ್ ಚಪ್ಪಟೆ ಬಂಡೆಯ ಅಡಿಗೆ ನುಗ್ಗಿತು. ಅಲ್ಲಿ ಕಪ್ಪಗೆ ಜೋತುಬಿದ್ದಿದ್ದುದು ನೆರಳಲ್ಲ ಎಂದು ಆಗ ತಿಳಿಯಿತು.

ಡ್ರೋನ್ ಕೆಳಗೆ ಬಿತ್ತು. ಬ್ಯಾಗಿಗೆ ತುರುಕಿದೆ. ಅಂಥ ಹೊತ್ತಿನಲ್ಲೂ ನನಗೆ ಮೊದಲು ಹೊಳೆದದ್ದು ಬಚ್ಚಿಡುವುದು.

ಆಚೆಯಿಂದ ಮೇಷ್ಟ್ರ ದನಿ — ಓಡಿ, ಕೈ ಬೀಸಬೇಡಿ, ಕಾರಿಗೆ ಓಡಿ. ಎಲ್ಲರೂ ಓಡಿದರು. ಮೇಷ್ಟ್ರ ಮಂಡಿ ಓಡುವ ಮಂಡಿಯಲ್ಲ. ನಾನು ಬಂಡೆ ಸುತ್ತಿ ಬಂದಾಗ ಅವರು ನೆಲದ ಮೇಲೆ ಕುಕ್ಕರಿಸಿದ್ದರು. ತಲೆಯ ಮೇಲೆ ಕಪ್ಪು ಟೋಪಿ. ಟೋಪಿ ಹರಿದಾಡುತ್ತಿತ್ತು.

ಕೂರಲು ಹಾಸಿದ್ದ ಜಮಖಾನ ಎಳೆದು ಅವರ ಮೇಲೆ ಹಾಕಿ ನಾನೂ ಒಳಗೆ ತೂರಿದೆ. ಅರ್ಧ ದಾರಿ ಓಡಿದ್ದ ಅಕ್ಕ ತಿರುಗಿ ಬಂದಳು. ಮೂವರೂ ನಲವತ್ತು ನಿಮಿಷ ಅದರೊಳಗೆ. ಹೊರಗೆ ಮೊರೆತ. ಮೇಷ್ಟ್ರ ಉಸಿರು ಸೀಟಿ ಹೊಡೆಯುತ್ತಿತ್ತು. ಅಕ್ಕ ಕೊರಳಿನ ಐಡಿ ಕಾರ್ಡಿನ ಅಂಚಿನಿಂದ ಅವರ ಮುಖದ ಮುಳ್ಳುಗಳನ್ನು ಒಂದೊಂದಾಗಿ ಹೆರೆದಳು. ಎಚ್ಚರ ತಪ್ಪದಂತೆ ಅವರನ್ನು ಮಾತಾಡಿಸುತ್ತಲೇ ಇರು ಎಂದಳು. ನಾನು ಜಮಖಾನದ ಅಂಚನ್ನು ನೆಲಕ್ಕೆ ಒತ್ತಿ ಹಿಡಿಯುವುದರಲ್ಲೇ ಇದ್ದೆ.

ಫೆಬ್ರವರಿ 10

ಮೇಷ್ಟ್ರು ಐಸಿಯುವಿನಲ್ಲಿ. ನಾನು ಎಂದಿನಂತೆ ನನ್ನ ಕನ್ನಡಕದ ಅಂಗಡಿ ತೆರೆದೆ. ಬಂದವರೆಲ್ಲ ಬೆನ್ನು ತಟ್ಟುವವರೇ. ಪ್ರಾಣದ ಹಂಗು ತೊರೆದು ಗುರುವನ್ನು ಉಳಿಸಿದವನಂತೆ ನಾನು. ಸಂಘದ ಕಾರ್ಯದರ್ಶಿ ಫೋನ್ ಮಾಡಿ, ನಡೆದದ್ದನ್ನು ನಮ್ಮ ತಿಂಗಳ ಪತ್ರಿಕೆಗೆ ಬರೆದುಕೊಡು ಎಂದರು. ಆಗಲಿ ಅಂದೆ. ಬೇರೆ ಏನೋ ಹೇಳಲು ಬಾಯಿ ತೆರೆದಿದ್ದೆ. ಹೊರಬಂದದ್ದು ‘ಆಗಲಿ’ ಎಂಬುದೇ.

ಮಧ್ಯಾಹ್ನ ಶಟರ್ ಅರ್ಧ ಎಳೆದು ಡ್ರೋನ್ ಬಿಚ್ಚಿದೆ. ಫ್ರೇಮಿನ ಸ್ಕ್ರೂ ಹಿಡಿಯುವ ಚಿಮಟದಿಂದ ಜೇನಿನ ರೆಕ್ಕೆ, ಕಾಲು ಎಳೆದು ತೆಗೆದೆ. ಫೋಟೋಗಳನ್ನು ಅಳಿಸಿದೆ. ಚೆನ್ನಾಗಿ ಬಂದಿದ್ದವು.

ಫೆಬ್ರವರಿ 13

ಪ್ರಾಣಕ್ಕೆ ಅಪಾಯವಿಲ್ಲವಂತೆ. ಆದರೆ ಎಡಗಣ್ಣು... ಮುಳ್ಳು ಕಣ್ಣಗುಡ್ಡೆಗೇ ನಾಟಿತ್ತು. ನೋಟ ಮರಳುವುದಿಲ್ಲ ಎಂದರಂತೆ ಡಾಕ್ಟರು. ಅಕ್ಕನ ಕೈ ಇನ್ನೂ ಊದಿದೆ, ಡ್ಯೂಟಿಗೆ ಹೋಗಿಲ್ಲ. ಮೇಷ್ಟ್ರನ್ನು ನೋಡಲು ಹೋಗೋಣ ಬಾ ಎಂದಳು. ಅಂಗಡಿಯಲ್ಲಿ ಕೆಲಸವಿದೆ ಎಂದೆ. ಒಬ್ಬ ಗಿರಾಕಿಯೂ ಇರಲಿಲ್ಲ.

ಮಾರ್ಚ್ 4, ಮಂಗಳವಾರ

ಇಷ್ಟು ದಿನ ಬರೆಯಲಿಲ್ಲ. ಬರೆದರೆ ನಿಜ ಬರೆಯಬೇಕಾಗುತ್ತಿತ್ತು.

ಇಂದು ಮೇಷ್ಟ್ರು ತಾವೇ ಅಂಗಡಿಗೆ ಬಂದರು. ಉಳಿದ ಕಣ್ಣಿಗೆ ಹೊಸ ನಂಬರ್ ನೋಡಬೇಕಂತೆ. ಪರೀಕ್ಷೆಯ ಕೋಣೆಯಲ್ಲಿ ಕೂರಿಸಿ ಲೈಟ್ ಆರಿಸಿದೆ. ಎಡಗಣ್ಣು ಮುಚ್ಚುವ ಕಪ್ಪು ಬಿಲ್ಲೆ ಹಾಕಿದೆ — ಹಾಕುವ ಅಗತ್ಯವೇ ಇರಲಿಲ್ಲ, ಅಭ್ಯಾಸ. ಅವರ ಮುಖ ನನ್ನ ಮುಖದಿಂದ ಒಂದು ಗೇಣು. ಕೆನ್ನೆಯ ತುಂಬ ಒಣಗಿದ ಚುಕ್ಕೆಗಳು. ಇದು ಚೆನ್ನಾಗಿ ಕಾಣುತ್ತದೋ, ಇದೋ ಎಂದು ಗಾಜು ಬದಲಿಸುತ್ತಿದ್ದವನಿಗೆ ಮುಂದಿನ ಗಾಜು ಕೈಗೆ ಸಿಗಲಿಲ್ಲ.

“ಮೇಷ್ಟ್ರೇ, ಜೇನು ಎಬ್ಬಿಸಿದ್ದು ನಾನು. ಡ್ರೋನ್ ತಂದಿದ್ದೆ.”

ಅವರು ಬೋರ್ಡಿನ ಅಕ್ಷರಗಳನ್ನೇ ನೋಡುತ್ತಿದ್ದರು. 

“ಗೊತ್ತು. ಅದರ ಸದ್ದು ಕೇಳಿಸಿತ್ತು.”

ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಜಮಖಾನ ಹೊದಿಸಿದವನೂ ನೀನೇ ಅಲ್ವೇನೋ. ಯಾವುದನ್ನ ಮೊದಲು ಹೇಳಬೇಕು ಅಂತ ತಿಳೀಲಿಲ್ಲ.”

ಕಾಲಿಗೆ ಬೀಳಲು ಬಗ್ಗಿದೆ. ಭುಜ ಹಿಡಿದು ತಡೆದರು. ಪ್ರೀತಿಯಿಂದಲ್ಲ. ಕ್ಷಮಿಸಿದೆ ಎಂದು ಹೇಳಲಾರೆ ಎಂದರು. ಬೆಳಿಗ್ಗೆ ಎದ್ದರೆ ಎಡಭುಜ ಬಾಗಿಲಿಗೆ ಬಡಿಯುತ್ತದಂತೆ. ಬಡಿದಾಗಲೆಲ್ಲ ನನ್ನ ಮೇಲೆ ಸಿಟ್ಟು ಬರುತ್ತದಂತೆ. ಪತ್ರಿಕೆಗೆ ನಾನು ಬರೆಯಬೇಕಿರುವುದೂ ಅವರ ಕಿವಿಗೆ ಬಿದ್ದಿದೆ.

“ಬರಿ. ಆದರೆ ಸರಿಯಾಗಿ ಬರಿ. ಈಗ ಮುಂದಿನ ಸಾಲು ತೋರಿಸು.”

ಮಾರ್ಚ್ 5, ಬುಧವಾರ. ಸಂಜೆ 6.30. ಅಕ್ಕನ ಮನೆ

ಅಕ್ಕ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದಳು. ಹೇಳಿಬಿಟ್ಟೆ. ಇಸ್ತ್ರಿಪೆಟ್ಟಿಗೆ ಇದ್ದಲ್ಲೇ ನಿಂತಿತು. ಸುಟ್ಟ ವಾಸನೆ ಬಂದಾಗ ನಾನೇ ಎತ್ತಿ ಪಕ್ಕಕ್ಕಿಟ್ಟೆ.

“ಆ ಹೊತ್ತಲ್ಲಿ ನಿನ್ನ ತಮ್ಮ ಕಲ್ಲಿನ ಹಿಂದೆ ಏನ್ ಮಾಡ್ತಿದ್ದ ಅಂತ ಸಂಘದ ಇಬ್ಬರು ನನ್ನನ್ನ ಕೇಳಿದ್ರು,” ಎಂದಳು. “ಅವನು ಅಂಥವನಲ್ಲ ಅಂತ ಇಬ್ಬರ ಜೊತೆನೂ ಜಗಳ ಆಡಿದೀನಿ.”

ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

7.15

ಅವಳ ಊಟದ ಮೇಜಿನ ಮೇಲೆ ಲೇಖನ ಶುರು ಮಾಡಿದ್ದೇನೆ. ಇದೇ ಪುಸ್ತಕದಲ್ಲಿ, ಬೇರೆ ಹಾಳೆ ಕೇಳುವ ಧೈರ್ಯವಿಲ್ಲ.

‘ಅಂದು ಡ್ರೋನ್ ಒಂದು ಹಾರಾಡಿದ ಪರಿಣಾಮವಾಗಿ ಜೇನುಗಳು ಎದ್ದು...’

ಚಿಲಕ ತೆಗೆದ ಸದ್ದು. ಅಕ್ಕ ಬೇರೆ ಯೂನಿಫಾರಂ ತೊಟ್ಟು ಬಂದು ಹಿಂದೆ ನಿಂತು ಓದಿದಳು.

“ಡ್ರೋನ್ ತಾನಾಗೇ ಹಾರ್ತೇನೋ?”

ಆ ಸಾಲನ್ನು ಹೊಡೆದುಹಾಕಿದೆ. ಹೆಸರು ಹಾಕಿ ಬರಿ ಎಂದಳು. ಡ್ಯೂಟಿಗೆ ತಡವಾಗುತ್ತದೆ, ಹೋಗು ಎಂದೆ. ಹೋಗಲಿಲ್ಲ. ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಾಳೆ.

‘ಅಂದು ಕೊಡೆಗಲ್ಲಿನ ಹಿಂದೆ ಡ್ರೋನ್ ಹಾರಿಸಿದವನು ನಾನು,’ — ಇದರ ಮುಂದೆ ನನ್ನ ಹೆಸರು ಬರೆಯುತ್ತಿದ್ದೇನೆ.