ಪುಸ್ತಕ ತೆರೆಯದೆ ಹತ್ತಕ್ಕೆ ಹತ್ತು

ಸುತ್ತೋಲೆಗೆ ಸಹಿ ಹಾಕಿದ ಶಿಕ್ಷಣಾಧಿಕಾರಿಗಳೇ,

ನಮ್ಮ ದ್ವೀಪದ ನಾಲ್ಕನೇ ತರಗತಿಯ ಮಕ್ಕಳು ಇನ್ನು ಮುಂದೆ ಇಡೀ ಪುಸ್ತಕ ಓದಿ ಅದರ ಬಗ್ಗೆ ಬರೆಯಬೇಕಾಗಿಲ್ಲ, ಕಚೇರಿ ಕಳುಹಿಸುವ ಒಂದು ಪುಟದ ಸಾರಾಂಶ ನೋಡಿ ಬಿಟ್ಟ ಸ್ಥಳ ತುಂಬಿದರೆ ಸಾಕು ಎಂದು ತಾವು ಆದೇಶಿಸಿದ್ದೀರಿ. ತಮ್ಮ ಕರುಣೆ ದೊಡ್ಡದು. ನನ್ನ ಮಗಳು ಜೋವೆಲಿನ್ ಪುಸ್ತಕ ಮುಟ್ಟದೆಯೇ ಹತ್ತಕ್ಕೆ ಹತ್ತು ತಂದಿದ್ದಾಳೆ. ಯಾವ ಕಥೆಯೇ ಎಂದರೆ, "ಗೊತ್ತಿಲ್ಲಮ್ಮ, ಯಾವ್ದೋ ಮಂಗಂದು" ಎಂದಳು. ಯಾರನ್ನು ಅಭಿನಂದಿಸಲಿ, ಅವಳನ್ನೋ ತಮ್ಮನ್ನೋ?

ಆ ವಯಸ್ಸಿನಲ್ಲಿ ನಾನೂ ಕಳ್ಳಿಯೇ. ನಮ್ಮ ತರಗತಿಯ ಔರೆಲಿಯಾ ಮೇಡಂ ಕೊಟ್ಟ, ಹಡಗಿನ ಕಪ್ತಾನನೊಬ್ಬನ ಕಥೆಪುಸ್ತಕದ ಹಿಂಬದಿಯ ರಟ್ಟಿನಲ್ಲಿದ್ದ ನಾಲ್ಕು ಸಾಲನ್ನೇ ದಪ್ಪ ಅಕ್ಷರದಲ್ಲಿ ಎರಡು ಪುಟ ಮಾಡಿ ಒಪ್ಪಿಸಿದ್ದೆ.

"ಕಪ್ತಾನ ಎಂಥವನು, ರೊಸೆಂಡಾ?"

"ತುಂಬಾ ಒಳ್ಳೆಯವರು ಮೇಡಂ."

ಮೇಡಂ ಹೊಟ್ಟೆ ಹಿಡಿದುಕೊಂಡು ನಕ್ಕರು. "ತನ್ನ ಹಡಗಿಗೆ ತಾನೇ ಬೆಂಕಿ ಇಟ್ಟವನು ಕಣೇ ಅವನು! ಯಾಕೆ ಅಂತ ಸೋಮವಾರ ಬಂದು ಹೇಳು."

ಬೈದಿದ್ದರೆ ಮರೆತುಬಿಡುತ್ತಿದ್ದೆ. ಆ 'ಯಾಕೆ' ತಲೆಯೊಳಗೆ ಕೂತುಬಿಟ್ಟಿತು. ಶನಿವಾರ ಬೆಳಿಗ್ಗೆ ಅಜ್ಜಿ, ನಮ್ಮ ಮಾತಿನಲ್ಲಿ ಲೋಲಾ, ಅಂಗಳದಲ್ಲಿ ಬಿದಿರು ತಟ್ಟಿಗಳ ಮೇಲೆ ಮೀನು ಒಣಹಾಕಿದ್ದಳು. ಬೆಕ್ಕು ಓಡಿಸುವುದು ನನ್ನ ಕೆಲಸ, ಕೈಯಲ್ಲಿ ಮಾತ್ರ ಆ ಪುಸ್ತಕ. ಮೂರನೇ ಅಧ್ಯಾಯ ಮುಗಿಯುವಷ್ಟರಲ್ಲಿ ಒಂದು ತಟ್ಟಿ ಖಾಲಿ!

"ಕಣ್ಣು ಎಲ್ಲಿಟ್ಕೊಂಡಿದ್ಯೇ?" ಅಜ್ಜಿ ಪೊರಕೆ ಎತ್ತಿಕೊಂಡು ಬಂದಳು.

"ಒಂದ್ನಿಮಿಷ ಲೋಲಾ, ಹಡಗು ಉರೀತಿದೆ!"

"ಯಾರ ಹಡಗೇ?" ಪೊರಕೆ ಕೆಳಗಿಳಿಯಿತು. ಓದಲು ಬಾರದ ಅಜ್ಜಿ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಗಟ್ಟಿಯಾಗಿ ಓದು. ಒಳಗಿದ್ದೋರು ಈಜಿದ್ರಾ?"

ದಂಡೆಯ ಊರನ್ನು ಕೊಳ್ಳೆಹೊಡೆಯಲು ಕಡಲ್ಗಳ್ಳರು ಬರುತ್ತಿದ್ದರು. ಬೆಂಕಿ ಕಂಡು ಜನ ಓಡಿ ಪಾರಾಗಲೆಂದು ಕಪ್ತಾನ ಹಡಗು ಸುಟ್ಟಿದ್ದ. ಅದನ್ನು ಓದಿದಾಗ ನಾನು ಕುಣಿದೆ, ಅಜ್ಜಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಂಡಳು, ಬೆಕ್ಕುಗಳು ನಾಲ್ಕನೇ ತಟ್ಟಿ ಮುಗಿಸಿದವು. ಸೋಮವಾರದವರೆಗೆ ಕಾಯುವ ತಾಳ್ಮೆ ನನಗೆಲ್ಲಿ? ಭಾನುವಾರ ಚರ್ಚಿನ ಮೆಟ್ಟಿಲಲ್ಲೇ ಮೇಡಂ ಅವರನ್ನು ಅಡ್ಡಗಟ್ಟಿದೆ.

"ಮೇಡಂ, ಕಪ್ತಾನರು ಒಳ್ಳೆಯವರೇ! ನಾನು ಹೇಳಿದ್ದೇ ಸರಿ!"

"ಸರಿ ಕಣಮ್ಮಾ. ಆದ್ರೆ ಅವತ್ತು ನಿಂಗೇನೂ ಗೊತ್ತಿರ್ಲಿಲ್ಲ, ಇವತ್ತು ಗೊತ್ತಿದೆ" ಎಂದು ಕೆನ್ನೆ ತಟ್ಟಿದರು. "ಇನ್ನೊಂದು ಪುಸ್ತಕ ಬೇಕಾ?" ಬೇಕಿತ್ತು. ಅಂದಿನಿಂದ ಬೇಕಾಗುತ್ತಲೇ ಇದೆ.

ಮಾನ್ಯರೇ, ಉತ್ತರ ಎರಡು ಸಲವೂ ಅದೇ. ತಮ್ಮ ಬಿಟ್ಟ ಸ್ಥಳಕ್ಕೆ ಆ ವ್ಯತ್ಯಾಸ ತಿಳಿದೀತೇ? ಯಾವ ಸಾರಾಂಶಕ್ಕೆ ಯಾವ ಅಜ್ಜಿ ಅತ್ತಾಳು?

ಸುತ್ತೋಲೆಯನ್ನು ಹಿಂಪಡೆಯಿರಿ. ಅಲ್ಲಿಯವರೆಗೆ ನಮ್ಮ ಕೇರಿಯ ಮಕ್ಕಳು ಮೀನಿನಂಗಳದಲ್ಲಿ ಕೂತು ಇಡೀ ಪುಸ್ತಕಗಳನ್ನೇ ಓದುತ್ತಾರೆ. ಮೊನ್ನೆ ಹದಿನಾರು ಜನ ಬಂದಿದ್ದರು. ಯಾರ ಅನುಮತಿಯನ್ನೂ ಕೇಳಿಲ್ಲ. ಇದು ಅಪರಾಧವಾದರೆ ಖುದ್ದಾಗಿ ಬಂದು ಕ್ರಮ ಕೈಗೊಳ್ಳಿ. ದಯವಿಟ್ಟು ಬೇಗ ಬನ್ನಿ: ಅಧ್ಯಾಯ ಶುರುವಾದ ಮೇಲೆ ಬಂದವರಿಗೆ ಹಿಂದಿನ ಕಥೆ ಹೇಳುವಷ್ಟು ಪುರುಸೊತ್ತು ಅಲ್ಲಿ ಯಾರಿಗೂ ಇರುವುದಿಲ್ಲ.

ಇಂತಿ,
ತಮ್ಮ ಸುತ್ತೋಲೆಯನ್ನೂ ಕೊನೆಯವರೆಗೆ ಓದಿ ನಿರಾಶಳಾದ,
ಒಣಮೀನು ಮಾರುವ ರೊಸೆಂಡಾ