ಅಕ್ಕನ ಟಾರ್ಚು

೧೪ ನವೆಂಬರ್, ಗುರುವಾರ

ಟಾರ್ಚು ಇನ್ನೂ ಬಿಸಿಯಾಗುತ್ತಲೇ ಇದೆ. ಒಳಗಿನ ಮೂರು ಎಲ್‌ಇಡಿಗಳನ್ನು ಕಿತ್ತು, ಹೆಚ್ಚು ಬೆಳಕಿನವನ್ನು ಬೆಸುಗೆ ಹಾಕಿ, ಕರೆಂಟು ಏರಿಸಿದ್ದು ನಾನೇ. ಬೆಳಕು ಏರಿದರೆ ಕಾವೂ ಏರುತ್ತದೆ. ಇಳಿಸಿದರೆ ಅಕ್ಕನಿಗೆ ನಮ್ಮ ಕತ್ತಲೆ ಮೆಟ್ಟಿಲು ಕಾಣುವುದಿಲ್ಲ. ಮಬ್ಬಿನಲ್ಲಿ ಅವಳ ಕಣ್ಣು ಕೈಕೊಟ್ಟು ವರ್ಷವಾಯಿತು. ಇನ್ನು ದೃಷ್ಟಿ ಕಡಿಮೆಯಾಗುತ್ತಲೇ ಹೋಗುತ್ತದೆ ಎಂದರು ಡಾಕ್ಟರು, ನಾಳೆ ಮೋಡ ಇರುತ್ತದೆ ಎನ್ನುವವರ ಹಾಗೆ.

ಸಂಜೆ ಅವಳು ಹೊಲಿಗೆ ಅಂಗಡಿಯಿಂದ ಬಂದಾಗ ಬಾಗಿಲಲ್ಲೇ ಕೇಳಿದೆ, ಹೇಗಿತ್ತು ಅಂತ.

“ಒಳ್ಳೇ ಹಗಲಿದ್ದ ಹಾಗಿತ್ತು ಕಣೋ. ಕೆಳಗಿನ ಮನೆಯವ್ರ ನಾಯಿನೂ ಹೆದರಿ ದಾರಿ ಬಿಡ್ತು.”

ಎಷ್ಟೋ ದಿನದ ಮೇಲೆ ನಾನು ನಕ್ಕೆ. ಗೆದ್ದೆ ಅಂದುಕೊಂಡೆ, ದಡ್ಡ.

ಊಟಕ್ಕೆ ಕೂತವಳು ಎಡಗೈಯಲ್ಲಿ ಚಮಚ ಹಿಡಿದಳು. ಬಲಗೈ ಎಳೆದು ಬಿಡಿಸಿ ನೋಡಿದರೆ ಅಂಗೈ ತುಂಬ ಬೊಬ್ಬೆ. ಅದೇ ಕೈಯಲ್ಲಿ ಅವಳು ದಿನವಿಡೀ ಕತ್ತರಿ ಆಡಿಸಬೇಕು.

“ಸುಡ್ತಿದೆ ಅಂತ ಬಾಯಿ ಬಿಟ್ಟು ಹೇಳ್ಬಾರ್ದಾ?”

“ಹೇಳಿದ್ರೆ ನೀನು ಬೆಳಕು ಇಳಿಸ್ತೀಯ.”

ತಟ್ಟೆ ಸರಿಸಿ ಎದ್ದೆ.

ಈಗ ಟಾರ್ಚು ಬಿಚ್ಚಿಟ್ಟುಕೊಂಡು ಕೂತಿದ್ದೇನೆ. ಹಿಡಿಗೆ ಬಟ್ಟೆ ಸುತ್ತೋಣವೆಂದರೆ ಕಾವು ಹೊರಗೆ ಹೋಗದೆ ಎಲ್‌ಇಡಿಗಳೇ ಸುಟ್ಟುಹೋಗುತ್ತವೆ. ಏನು ಮಾಡಲಿ, ತಲೆಯೇ ಓಡುತ್ತಿಲ್ಲ. ಸ್ಕ್ರೂ ಕೆಳಗೆ ಬಿದ್ದ ಸದ್ದಿಗೆ ಒಳಕೋಣೆಯಿಂದ ಅಕ್ಕ ಮಾತಾಡಿದಳು.

“ಅದನ್ನ ಮುಟ್ಬೇಡ ಕಣೋ, ಹಾಗೇ ಮುಚ್ಚಿಡು. ನಾಳೆಯಿಂದ ಎಡಗೈಯಲ್ಲಿ ಹಿಡ್ಕೋತೀನಿ.”